ಚಿಲಕಕ್ಕೂ ಆಮೆನ್

ಬೈಂಡಿಂಗ್ ಕೋಣೆಯಲ್ಲಿ ಅವಳಿಗೆ ಗಾಬರಿಯಕ್ಕ ಎಂದೇ ಹೆಸರು. ಯಾರಾದರೂ ಆ ಹೆಸರು ಹಿಡಿದು ಕೂಗಿದರೆ ಬೆಚ್ಚಿಬಿದ್ದು ಕೈಯಲ್ಲಿದ್ದುದನ್ನು ಕೆಳಗೆ ಹಾಕುತ್ತಿದ್ದಳಾದ್ದರಿಂದ, ಆ ಹೆಸರು ತಪ್ಪೆಂದು ವಾದಿಸುವ ಅವಕಾಶ ಅವಳಿಗೆ ಯಾವತ್ತೂ ಸಿಕ್ಕಿರಲಿಲ್ಲ.

ಆ ದಿನ ಅವಳು ಮಹಡಿಯ ಮೇಲಿನ ಬೈಂಡಿಂಗ್ ಕೋಣೆಯಿಂದ ಕೆಳಗೆ, ಪ್ರೆಸ್ಸಿನ ಯಜಮಾನರ ಕೋಣೆಗೆ ಇಳಿಯುತ್ತಿದ್ದಳು. ಮೆಟ್ಟಿಲಿನುದ್ದಕ್ಕೂ ಒಂದೇ ವಾಕ್ಯವನ್ನು ನಾಲಿಗೆಯ ಮೇಲೆ ಹೊರಳಿಸುತ್ತಿದ್ದಳು. "ಸರ್, ಅಟ್ಟದ ಮೇಲಿರೋ ಸ್ಟೂಲುಗಳನ್ನ ಇಳಿಸಿಕೊಡಿ." ಅಷ್ಟೇ. ಮೊದಲು ಅದಕ್ಕೆ 'ದಯವಿಟ್ಟು' ಸೇರಿಸಿ ನೋಡಿದ್ದಳು, ಬೇಡುವಂತೆ ಕೇಳಿಸಿತು. ತೆಗೆದಳು, ಜಗಳಕ್ಕೆ ಹೋದಂತೆ ಕೇಳಿಸಿತು. ಕೊನೆಗೆ ಒಂದು ಸಣ್ಣ ನಗು ಸೇರಿಸುವುದೆಂದು ತೀರ್ಮಾನಿಸಿದ್ದಳು.

ಯಜಮಾನರು ಕನ್ನಡಕ ಹಣೆಗೇರಿಸಿ ನೋಡಿದರು. "ಏನಮ್ಮಾ?"

ಗಾಬರಿಯಕ್ಕ ಸಣ್ಣಗೆ ನಕ್ಕಳು. ವಾಕ್ಯ ಹೊರಟಿತು, ಗಂಟಲವರೆಗೆ ಬಂತು, ಅಲ್ಲೇ ಕಾಲು ಮುರಿದುಕೊಂಡು ಬಿತ್ತು.

"ಅಂಟು, ಸರ್."

"ಅಂಟಾ? ಮೊನ್ನೆ ತಾನೇ ಕೊಟ್ಟೆನಲ್ಲ!"

"ಹೌದು ಸರ್. ಆದ್ರೂ... ಇರಲಿ ಅಂತ."

ಯಜಮಾನರು ಕೆಟ್ಟವರಲ್ಲ. ಕೇಳಿದವರಿಗೆ ಅಂಟು ಇಲ್ಲವೆನ್ನುವ ಜನವಂತೂ ಅಲ್ಲ. ಬೀರು ತೆರೆದು ದೊಡ್ಡದೊಂದು ಡಬ್ಬ ಎತ್ತಿ ಕೊಟ್ಟರು. ಅದನ್ನು ಎದೆಗವಚಿಕೊಂಡು ಅವಳು ಮೆಟ್ಟಿಲು ಹತ್ತಿದಳು.

"ಬಂತು ನೋಡಿ ಇನ್ನೊಂದು!" ಎಂದಳು ಗಂಟೆ. ದನಿ ಜೋರಾದ್ದರಿಂದ ಅವಳಿಗೆ ಗಂಟೆ ಎಂಬ ಹೆಸರು. "ಅಕ್ಕಾ, ಹಿಂಗೇ ಆದ್ರೆ ಸ್ಟೂಲ್ ಬ್ಯಾಡ, ಡಬ್ಬಗಳ ಮೇಲೇ ಕೂತ್ಕೋಬಹುದು."

ಗಂಟೆ ನಗುತ್ತಲೇ ಹೇಳಿದಳು, ಆದರೆ ಹೇಳುವಾಗ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದಳು. ಅವಳು ಬಸುರಿ. ಸಂಜೆಯಾಗುವಷ್ಟರಲ್ಲಿ ಪಾದಗಳು ಊದಿ ಚಪ್ಪಲಿಗೆ ಸೇರುತ್ತಿರಲಿಲ್ಲ. ಹೀಗೇ ನಿಲ್ಲಬೇಕಾದರೆ ಈ ತಿಂಗಳ ಕೊನೆಗೆ ಕೆಲಸ ಬಿಡುವುದೆಂದು ಮನೆಯಲ್ಲಿ ಆಗಲೇ ಮಾತಾಗಿತ್ತು. ಮೊದಲು ಈ ಕೋಣೆಯಲ್ಲಿ ಸ್ಟೂಲುಗಳಿದ್ದವು. ಕೂತರೆ ಮಾತು ಶುರುವಾಗುತ್ತದೆಂದು ಯಜಮಾನರು ಅವನ್ನು ಅಟ್ಟಕ್ಕೆ ಹಾಕಿಸಿದ್ದರು. ನಿಂತರೂ ಮಾತಾಡಬಹುದು ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ಪ್ರೆಸ್ಸಿನ ನಾಲ್ವರು ಹೆಂಗಸರೂ ಅದನ್ನು ಅವರಿಗೆ ತಿಳಿಸುವ ಗೋಜಿಗೆ ಹೋಗಿರಲಿಲ್ಲ.

ಇನ್ನು ಅವರ ಕೆಲಸದ ರೀತಿಯನ್ನು ಹೇಳಬೇಕು. ಕೆಳಗಿನಿಂದ ಅಚ್ಚಾದ ದೊಡ್ಡ ಹಾಳೆಗಳು ಮೇಲೆ ಬರುತ್ತವೆ. ಒಂದು ಹಾಳೆ ಮಡಚಿದರೆ ಹದಿನಾರು ಪುಟ. ಅದಕ್ಕೆ ಫಾರಂ ಎನ್ನುತ್ತಾರೆ. ಫಾರಂಗಳನ್ನು ಮೇಜಿನ ಸುತ್ತ ಸಾಲಾಗಿ ಗುಡ್ಡೆ ಹಾಕಿ, ಹೆಂಗಸರು ಒಬ್ಬರ ಹಿಂದೊಬ್ಬರು ಸುತ್ತುತ್ತ, ಪ್ರತಿ ಗುಡ್ಡೆಯಿಂದ ಒಂದೊಂದು ಎತ್ತಿಕೊಳ್ಳುತ್ತಾರೆ. ಒಂದು ಸುತ್ತಿಗೆ ಒಂದು ಪುಸ್ತಕ. ಆಮೇಲೆ ಹೊಲಿಗೆ. ಸುತ್ತುವಾಗ ಲೆಕ್ಕ ತಪ್ಪಬಾರದೆಂದು ಹಾಡುತ್ತಾರೆ. ನಾಲ್ವರೂ ಒಂದೇ ಕ್ರೈಸ್ತ ಸಭೆಯವರಾದ್ದರಿಂದ ಹಾಡುವುದು ಆರಾಧನೆಯ ಕೀರ್ತನೆಗಳನ್ನೇ: ಒಂದು ಸಾಲಿಗೆ ಒಂದು ಫಾರಂ.

ಗಾಬರಿಯಕ್ಕನ ಓದು ಕೂಡ ಇದೇ ಮೇಜಿನದು. ಕಾಲೇಜಿನಲ್ಲಿ ಓದಿದ್ದು ಪರೀಕ್ಷೆಯೊಂದಿಗೆ ಮುಗಿದಿತ್ತು. ಮಡಚುವಾಗ ಕಣ್ಣಿಗೆ ಬಿದ್ದದ್ದು ಮಾತ್ರ ಉಳಿಯುತ್ತಿತ್ತು. ಬಿಚ್ಚಿದ ಹಾಳೆಯಲ್ಲಿ ಮೊದಲ ಪುಟದ ಪಕ್ಕ ಹದಿನಾರನೆಯ ಪುಟ ಇರುತ್ತದೆ, ಅರ್ಧ ಪುಟಗಳು ತಲೆಕೆಳಗಾಗಿ ಇರುತ್ತವೆ. ಹಾಗಾಗಿ ಅವಳ ನಂಬಿಕೆಯೂ ಹಾಗೇ ಬೆಳೆದಿತ್ತು: ಪ್ರಾರ್ಥನೆಯ ಆರಂಭ, ತಕ್ಷಣ ಯಾರದೋ ಸಾಕ್ಷಿಯ ಕೊನೆ, ನಡುವೆ ಏನಾಯಿತೋ ದೇವರೇ ಬಲ್ಲ. ತಲೆಕೆಳಗಾದ ಪುಟಗಳನ್ನು ಅವಳು ಯಾವತ್ತೂ ಓದಿರಲಿಲ್ಲ. ಕೆಲಸದ ವೇಳೆಯಲ್ಲಿ ಹಾಳೆ ತಿರುಗಿಸಿ ಓದುವುದು ಕಳ್ಳತನವೆಂದು ಅವಳ ಎಣಿಕೆ.

ಆ ವಾರ ಎರಡು ಪುಸ್ತಕಗಳ ಕೆಲಸ ಒಟ್ಟಿಗೆ ಬಂದಿತ್ತು. ಒಂದು, ಸುತ್ತಲಿನ ಸಭೆಗಳಿಗೆಲ್ಲ ಹೋಗಬೇಕಿದ್ದ 'ಕೈದೀಪದ ಧ್ಯಾನಗಳು'. ಇನ್ನೊಂದು, ಒಬ್ಬ ವಕೀಲಮ್ಮ ಬರೆದ ದುಡಿಯುವವರ ಹಕ್ಕುಗಳ ಕೈಪಿಡಿ. ಎರಡಕ್ಕೂ ಒಂದೇ ಅಳತೆ, ಒಂದೇ ಕಾಗದ. ಕೈಪಿಡಿಯಲ್ಲಿ ಆಸನಗಳ ಬಗ್ಗೆ ಒಂದು ಪುಟ ನೆಟ್ಟಗೆ ಕಂಡಿತ್ತು. ಅದನ್ನು ಓದಿಯೇ ಅವಳು ಈ ಸಲ ಮತ್ತೆ ಮೆಟ್ಟಿಲಿಳಿಯುವ ಸಾಹಸಕ್ಕೆ ಹೊರಟದ್ದು. ಜಾಗ ಸಾಲದೆ ಕೈಪಿಡಿಯ ಮೂರನೆಯ ಫಾರಂ ಗುಡ್ಡೆಯನ್ನು ಧ್ಯಾನದ ಮೇಜಿನ ಮೂಲೆಯಲ್ಲಿ ಇಟ್ಟಿದ್ದರು. ಮೂಲೆ ತಿರುಗುವಾಗ ಹಾಡಿನಲ್ಲಿ ಉಸಿರು ತೆಗೆದುಕೊಳ್ಳುವ ಸಮಯ. ಕೈ ಯಾವುದನ್ನೂ ಎತ್ತುವುದಿಲ್ಲ. ಆದ್ದರಿಂದ ಅಪಾಯವಿಲ್ಲ.

ಅಂಟಿನ ಡಬ್ಬ ಬಂದ ಆ ಮಧ್ಯಾಹ್ನ ಗಂಟೆ ಹೊಸ ಕೀರ್ತನೆ ಎತ್ತಿದಳು. ಚಪ್ಪಾಳೆ ಹಾಕಿ ಹಾಡುವಂಥದ್ದು. ನಾಲ್ಕು ಸಾಲಾದ ಮೇಲೆ ಒಂದು ಪಲ್ಲವಿ, ಆ ಪಲ್ಲವಿ ಸರಿಯಾಗಿ ಮೂಲೆಗೆ ಬರುತ್ತಿತ್ತು. ಬಾಯಲ್ಲಿ ಸಾಲಿದ್ದಾಗ ಕೈ ಸುಮ್ಮನಿರುವುದನ್ನು ಆ ಹೆಂಗಸರು ಕಲಿತಿರಲಿಲ್ಲ. ನಾಲ್ವರೂ ಹಾಡಿದರು, ನಾಲ್ವರೂ ಎತ್ತಿದರು. ತಪಾಸಣೆ ಗಾಬರಿಯಕ್ಕನ ಪಾಲಿನದು. ಅವಳು ಬೆಂಕಿಪೆಟ್ಟಿಗೆಯನ್ನೂ ಅನುಮಾನದಿಂದ ನೋಡುವ ಹೆಣ್ಣು. ಆದರೆ ಆ ಹೊತ್ತು ಅವಳ ತಲೆಯೊಳಗೆ 'ಸರ್, ಅಟ್ಟದ ಮೇಲಿರೋ' ಎಂಬ ವಾಕ್ಯವೇ ಮೇಜು ಸುತ್ತುತ್ತಿತ್ತು. ಪುಸ್ತಕ ಸ್ವಲ್ಪ ದಪ್ಪವಾಗಿದೆ ಎನಿಸಿತು. ಕಾಗದ ತಂಪಿಗೆ ಉಬ್ಬಿರಬೇಕು ಎಂದುಕೊಂಡಳು. ಹೊಲಿದು, ರಟ್ಟು ಹಾಕಿ, ಕಟ್ಟು ಕಟ್ಟಿ, ಅಷ್ಟನ್ನೂ ಸಭೆ ಸಭೆಗೆ ಕಳಿಸಿಬಿಟ್ಟರು.

ಅವರ ಸಭೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಪುಸ್ತಕ ಬಂದ ಮೊದಲ ಭಾನುವಾರ ಅದನ್ನು ಕಣ್ಣು ಮುಚ್ಚಿ ತೆರೆಯಬೇಕು. ತಾನಾಗಿ ಎಲ್ಲಿ ತೆರೆದುಕೊಳ್ಳುತ್ತದೋ ಅಲ್ಲಿ ಎಡಪುಟದ ತುದಿಯಿಂದ ಬಲಪುಟದ ಕೊನೆಯವರೆಗೆ ಓದಬೇಕು. ಓದುವ ಹಕ್ಕು ಗಾಬರಿಯಕ್ಕನ ಅತ್ತೆಯದು. ಅತ್ತೆ ನಿವೃತ್ತ ಶಾಲಾ ಶಿಕ್ಷಕಿ. ಅಚ್ಚಾದದ್ದನ್ನು ಅಕ್ಷರ ಬಿಡದೆ ಓದುವುದು ಅವರ ವ್ರತ. ಒಮ್ಮೆ ಮುದ್ರಕರ ವಿಳಾಸವನ್ನೂ ಭಕ್ತಿಯಿಂದ ಓದಿದ್ದರು.

ಹೊಟ್ಟೆ ಉಬ್ಬಿದ ಪುಸ್ತಕ ಎಲ್ಲಿ ತೆರೆದುಕೊಂಡೀತು? ಉಬ್ಬಿದಲ್ಲೇ ತೆರೆದುಕೊಂಡಿತು.

ಅತ್ತೆ ಗಂಟಲು ಸರಿಮಾಡಿಕೊಂಡರು. "'ದಣಿದವರೇ, ನಿಮ್ಮ ಕಾಲುಗಳ ನೋವನ್ನು ಕರ್ತನು ಕಂಡಿದ್ದಾನೆ. ನಿಮ್ಮ ನಿಟ್ಟುಸಿರು ಆತನಿಗೆ ಕೇಳಿಸಿದೆ. ನಿಮಗೆ ಏನು ಬೇಕೆಂಬುದು ಆತನಿಗೆ ಗೊತ್ತಿಲ್ಲವೋ? ಗೊತ್ತಿದೆ. ಅದು ಯಾವುದೆಂದರೆ,'" ಎಂದು ಎಡಪುಟ ಮುಗಿಸಿ, ಬಲಪುಟಕ್ಕೆ ಬಂದು, ಅದೇ ದನಿಯಲ್ಲಿ ಮುಂದುವರಿಸಿದರು. "'ಬೆನ್ನಿಗೆ ಆಸರೆಯಿರುವ ಆಸನ. ಇದನ್ನು ಮಾಲೀಕನು ತನ್ನ ಖರ್ಚಿನಲ್ಲೇ ಒದಗಿಸತಕ್ಕದ್ದು.'"

"ಆಮೆನ್!" ಎಂದಿತು ಮುಂದಿನ ಸಾಲು.

ಆ ಆಮೆನ್ ಯಜಮಾನರದು. ಅವರು ಸಭೆಯ ಹಿರಿಯರು. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ ಆಮೆನ್ ಹೇಳುವುದು ಅವರ ಅಭ್ಯಾಸ; ಎಷ್ಟೋ ಸಲ ವಾಕ್ಯ ಮುಗಿಯುವುದಕ್ಕೂ ಕಾಯುತ್ತಿರಲಿಲ್ಲ. ಅವರ ಬೆನ್ನಿಗೆ ಇಡೀ ಸಭೆ "ಆಮೆನ್" ಎಂದಿತು.

ಹಿಂದಿನ ಸಾಲಿನಲ್ಲಿ ಗಾಬರಿಯಕ್ಕ ಬೆಚ್ಚಿಬಿದ್ದು ಕೈಯಲ್ಲಿದ್ದ ಕೀರ್ತನೆ ಪುಸ್ತಕವನ್ನು ಕೆಳಗೆ ಹಾಕಿದಳು. ಮೂಲೆಯ ಗುಡ್ಡೆ, ಪಲ್ಲವಿ, ದಪ್ಪ ಪುಸ್ತಕ, ಎಲ್ಲವೂ ಒಂದರ ಹಿಂದೊಂದು ಅವಳ ಕಣ್ಣಮುಂದೆ ಸುತ್ತು ಬಂದವು.

"'ಬಸುರಿಯರನ್ನು ದಿನವಿಡೀ ನಿಲ್ಲಿಸತಕ್ಕದ್ದಲ್ಲ.'"

"ಆಮೆನ್!"

ಗಂಟೆ ಅವಳ ಮೊಣಕೈ ತಿವಿದಳು. "ಅಕ್ಕಾ," ಎಂದಳು, ಅವಳ ಪಿಸುಮಾತು ಮೂರು ಸಾಲಿಗೆ ಕೇಳಿಸುವಂಥದ್ದು, "ಇದು ನಮ್ಮ ಮೂಲೆದು ಅಲ್ವಾ?"

"ಬಾಯ್ಮುಚ್ಚೇ, ನಿನ್ ಕೈ ಮುಗೀತೀನಿ."

"'ಹೆಂಗಸರ ಕಕ್ಕಸಿನ ಬಾಗಿಲಿಗೆ ಒಳಗಿನಿಂದ ಚಿಲಕವಿರತಕ್ಕದ್ದು.'"

ಇಲ್ಲಿ ಸಭೆ ಒಂದು ಕ್ಷಣ ತಡೆಯಿತು. ಅಭ್ಯಾಸಬಲದಿಂದ ಯಜಮಾನರು ತಡೆಯಲಿಲ್ಲ. "ಆಮೆನ್!" ಎಂದುಬಿಟ್ಟರು. ಆಮೇಲೆ ಅವರ ಕುತ್ತಿಗೆ ನಿಧಾನವಾಗಿ ಕೆಂಪಾಗುವುದನ್ನು ಗಾಬರಿಯಕ್ಕ ಹಿಂದಿನಿಂದ ಕಂಡಳು. ಸಭೆಯ ಹೆಂಗಸರ ಕಡೆಯಿಂದ ಮಾತ್ರ ಹಿಂದೆಂದೂ ಕೇಳದಂಥ ಭಾರೀ ಆಮೆನ್ ಎದ್ದಿತು; ಗೋಡೆಯ ಗಡಿಯಾರ ಅಲ್ಲಾಡಿತು.

"'ಪ್ರಶ್ನೆ: ಕೇಳಲು ಹೆದರಿಕೆಯಾದರೆ?'" ಎಂಬಲ್ಲಿಗೆ ಬಲಪುಟ ಮುಗಿಯಿತು. ಪ್ರಶ್ನೆಯನ್ನು ಅರ್ಧಕ್ಕೆ ಬಿಡಲಾರದೆ ಅತ್ತೆ ಪುಟ ಮಗುಚಿದರು. "'ಉತ್ತರ: ಹೆದರಿಕೆ ಸಹಜ. ಒಬ್ಬರೇ ಹೋಗಬೇಡಿ, ಕೂಡಿ ಹೋಗಿ. ಕೇಳಬೇಕಾದ್ದನ್ನೇ ಕೇಳಿ. ಬೇರೆ ಏನನ್ನೋ ಕೇಳಿ ವಾಪಸು ಬರಬೇಡಿ.'"

ಗಾಬರಿಯಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಈ ಮಾತು ತಲೆಕೆಳಗಾಗಿದ್ದ ಪುಟದ್ದು. ಅವಳೇ ಮಡಚಿದ್ದಳು, ಅವಳೇ ಓದಿರಲಿಲ್ಲ. ಅವಳೊಳಗೆ ಏನೋ ಗುಳುಗುಳು ಎಂದು ಮೇಲೇರಿ ಬರುತ್ತಿತ್ತು. ಅಳುವೆಂದುಕೊಂಡಳು. ಹೊರಗೆ ಬಂದಾಗ ನೋಡಿದರೆ ನಗು.

ಓದು ಮುಗಿದಾಗ ಬಟ್ಟೆ ಅಂಗಡಿಯಲ್ಲಿ ನಿಂತೇ ದುಡಿಯುವ ಹುಡುಗಿಯೊಬ್ಬಳು ಬಿಕ್ಕುತ್ತಿದ್ದಳು. ಬ್ಯಾಂಕಿನ ಕಾವಲುಗಾರ ತನ್ನ ಮೊಣಕಾಲುಗಳನ್ನು ಪ್ರೀತಿಯಿಂದ ಸವರಿಕೊಳ್ಳುತ್ತಿದ್ದ. ಹೊಸದಾಗಿ ಬಂದಿದ್ದ ಎಳೆಯ ವಯಸ್ಸಿನ ಪಾದ್ರಿ ಎದ್ದು ನಿಂತು, ತಾನು ತಯಾರಿಸಿದ್ದ ಪ್ರಸಂಗವನ್ನು ಮಡಚಿ ಜೇಬಿಗಿಟ್ಟು, "ಇವತ್ತಿನ ಧ್ಯಾನ ಬಹಳ... ಬಹಳ ಖಚಿತವಾಗಿದೆ," ಎಂದರು. ಅದಕ್ಕೂ ಎಲ್ಲರೂ ಆಮೆನ್ ಎಂದರು.

ಮನೆಗೆ ಬಂದು, ಅತ್ತೆ ಅಡುಗೆಮನೆಯಲ್ಲಿ ಈರುಳ್ಳಿ ಸುಲಿಯಲು ಕೂತಾಗ, ಗಾಬರಿಯಕ್ಕ ಎದುರಿಗೆ ಕೂತಳು.

"ಅತ್ತೆ, ಒಂದು ಮಾತು. ಆ ಬಲಪುಟ..."

"ಕೈಪಿಡಿದು. ಗೊತ್ತು."

"ಗೊತ್ತಾ?"

"ಎಡಗಡೆ ಪುಟ ಅರವತ್ನಾಲ್ಕು, ಬಲಗಡೆ ಮೂವತ್ಮೂರು. ಇಷ್ಟು ವರ್ಷ ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟಿದ್ದೀನಮ್ಮಾ, ಅರವತ್ನಾಲ್ಕಾದ ಮೇಲೆ ಮೂವತ್ಮೂರು ಬರಲ್ಲ ಅಂತ ಗೊತ್ತಿಲ್ವಾ ನಂಗೆ?"

"ಮತ್ತೆ ನಿಲ್ಲಿಸಲಿಲ್ಲ ಯಾಕೆ ಅತ್ತೆ?"

ಅತ್ತೆ ಕಣ್ಣೊರೆಸಿಕೊಂಡರು, ಈರುಳ್ಳಿಗೆ. "ನಿಲ್ಲಿಸೋಣ ಅಂತಲೇ ಇದ್ದೆ. ಅಷ್ಟರಲ್ಲಿ ಅವರು ಆಮೆನ್ ಅಂದ್ರು. ಆಮೇಲೆ ಯೋಚನೆ ಮಾಡಿದೆ, ಇದರಲ್ಲಿ ದೇವರು ಬೇಡ ಅನ್ನೋ ಮಾತು ಯಾವುದಿದೆ ಅಂತ. ಒಂದೂ ಸಿಗಲಿಲ್ಲ. ಓದಿದೆ."

"ನಾಳೆ ಹೋಗಿ ತಪ್ಪು ನಂದು ಅಂತ ಹೇಳಿಬಿಡ್ತೀನಿ. ಹೇಳದೆ ಸ್ಟೂಲ್ ಬಂದ್ರೆ ಅದರ ಮೇಲೆ ಕೂರೋಕಾಗಲ್ಲ ನನ್ ಕೈಲಿ. ಮುಳ್ಳಿನ ಮೇಲೆ ಕೂತ ಹಾಗಾಗುತ್ತೆ."

"ಹೇಳು. ಆದ್ರೆ ಮೊದಲು ಸ್ಟೂಲ್ ಕೇಳು, ಆಮೇಲೆ ತಪ್ಪು ಹೇಳು."

"ಯಾಕತ್ತೆ?"

"ತಪ್ಪು ಮೊದಲು ಹೇಳಿದ್ರೆ ಅಳ್ತೀಯ. ಅತ್ತರೆ ಅಂಟು ಕೇಳ್ತೀಯ." ಅತ್ತೆ ಈರುಳ್ಳಿಯನ್ನು ತಟ್ಟೆಗೆ ಹಾಕಿ ಎದ್ದರು. "ಒಬ್ಬಳೇ ಹೋಗಬೇಡ ಅಂತ ಬೇರೆ ಬರೆದಿದೆ. ನಾನೂ ಬರ್ತೀನಿ."

ಮರುದಿನ ಬೆಳಿಗ್ಗೆ ಅವರು ಮೆಟ್ಟಿಲಿಳಿದ ರೀತಿ ನೋಡುವಂತಿತ್ತು. ಮುಂದೆ ಗಾಬರಿಯಕ್ಕ, ಅವಳ ಬೆನ್ನಿಗೆ ಕೈಯಿಟ್ಟು ಗಂಟೆ, ಹಿಂದೆ ಉಳಿದ ಇಬ್ಬರು, ಕೊನೆಯಲ್ಲಿ ಛತ್ರಿ ಹಿಡಿದ ಅತ್ತೆ. ಹೊರಗೆ ಮಳೆಯೂ ಇರಲಿಲ್ಲ, ಬಿಸಿಲೂ ಇರಲಿಲ್ಲ. ಛತ್ರಿ ಏಕೆಂದು ಕೇಳುವ ಧೈರ್ಯ ಯಾರಿಗೂ ಇರಲಿಲ್ಲ.

ಯಜಮಾನರು ಫೋನಿನಲ್ಲಿದ್ದರು. "ಹೌದು ಸ್ವಾಮಿ... ಸಂತೋಷ ಸ್ವಾಮಿ... ಧೈರ್ಯ ಏನು ಬಂತು, ನಮ್ಮ ಕರ್ತವ್ಯ..." ಎಂದು ಫೋನಿಟ್ಟು ತಲೆಯೆತ್ತಿದರು. ಗಾಬರಿಯಕ್ಕನನ್ನು ಕಂಡದ್ದೇ ಕೈ ತಾನಾಗಿ ಬೀರುವಿನತ್ತ ಹೋಯಿತು. ಡಬ್ಬವೊಂದು ಮೇಜಿನ ಮೇಲೆ ಕೂತಿತು. "ತಗೋಮ್ಮಾ. ಅದಕ್ಕೆ ಇಷ್ಟು ದೊಡ್ಡ ಮೆರವಣಿಗೆ ಯಾಕೆ?"

ಡಬ್ಬ ಎದುರಿಗೇ ಇತ್ತು. ಕೈ ಚಾಚಿದರೆ ಮುಗಿಯಿತು. ಥ್ಯಾಂಕ್ಸ್ ಸರ್ ಎಂದು ಹೇಳಿ ಎಲ್ಲರೂ ಮೇಲೆ ಹೋಗಬಹುದು. ಗಾಬರಿಯಕ್ಕನ ಕೈ ಅರ್ಧ ಮೇಲೆದ್ದೂ ಇತ್ತು. ಹಿಂದಿನಿಂದ ಗಂಟೆ ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಿಸಿದ್ದು ಅವಳ ಬೆನ್ನಿಗೆ ತಿಳಿಯಿತು.

"ಸ್ಟೂಲ್," ಎಂದಳು.

ಆ ಪದ ನಿಜವಾಗಿಯೂ ತನ್ನ ಬಾಯಿಂದ ಬಂದದ್ದು ಅವಳಿಗೇ ನಂಬಿಕೆಯಾಗಲಿಲ್ಲ. ಪರೀಕ್ಷೆ ಮಾಡಿ ನೋಡಲು ಇನ್ನೊಮ್ಮೆ ಹೇಳಿದಳು. "ಸ್ಟೂಲ್, ಸರ್! ಅಟ್ಟದ ಮೇಲಿರೋ ಸ್ಟೂಲುಗಳನ್ನ ಇಳಿಸಿಕೊಡಿ. ಗಂಟೆಗೆ ನಿಲ್ಲೋಕಾಗ್ತಿಲ್ಲ. ನಿಂತರೆ ಕೆಲಸ ಬಿಡಬೇಕಾಗುತ್ತೆ. ಮಡಚೋದು, ಹೊಲಿಯೋದು ಎರಡೂ ಕೂತು ಮಾಡೋ ಕೆಲಸ. ಮತ್ತೆ, ಕಕ್ಕಸಿಗೆ ಚಿಲಕ." ಇನ್ನು ನಿಲ್ಲಿಸಲು ಅವಳಿಗೇ ಬರಲಿಲ್ಲ. "ಮತ್ತೆ, ಭಾನುವಾರ ಓದಿದ್ದು ಧ್ಯಾನ ಅಲ್ಲ ಸರ್. ಕೈಪಿಡಿದು. ಮೂಲೆ ಫಾರಂ. ನಾವು ಹಾಡ್ತಾ ಹಾಡ್ತಾ ಎತ್ತಿಬಿಟ್ವಿ. ನೋಡಬೇಕಾದವಳು ನಾನು, ನೋಡಲಿಲ್ಲ. ತಪ್ಪು ನಂದು."

ಯಜಮಾನರು ಪುಸ್ತಕ ಎಳೆದುಕೊಂಡು ತೆರೆದರು. ತಾವೇ ಅಚ್ಚು ಹಾಕಿದ ಪುಸ್ತಕವನ್ನು ಅವರು ಓದಿದ್ದು ಬಹುಶಃ ಅದೇ ಮೊದಲು. ಅರವತ್ನಾಲ್ಕು ನೋಡಿದರು, ಮೂವತ್ಮೂರು ನೋಡಿದರು. ಕುತ್ತಿಗೆಯ ಕೆಂಪು ಕಿವಿಗೆ ಏರಿತು.

"ದೇವರ ಪುಸ್ತಕದಲ್ಲಿ ಕಕ್ಕಸಿನ ಚಿಲಕಾನಾ! ನನ್ನ ಪ್ರೆಸ್ಸಿನ ಮಾನ ಹೋಯ್ತಲ್ಲ!"

"ಹೋಗುತ್ತೆ ಯಾಕೆ?" ಎಂದರು ಅತ್ತೆ. "ನೀವೇ ಆಮೆನ್ ಅಂದ್ರಿ."

"ಅದು... ಆಸನಕ್ಕೆ ಅಂದೆ."

"ಚಿಲಕಕ್ಕೂ ಅಂದ್ರಿ. ಮೊದಲು ನೀವು, ಆಮೇಲೆ ನಾವು."

"ಸಾಕ್ಷಿ ಇದೆ ಸರ್," ಎಂದಳು ಗಂಟೆ, ಮಹಡಿಯ ಮೇಲಿನ ಕಿಟಕಿ ಗಾಜು ಸಣ್ಣಗೆ ನಡುಗುವಂತೆ. "ಇಡೀ ಸಭೆ."

ಯಜಮಾನರು ಏನೋ ಹೇಳಲು ಬಾಯಿ ತೆರೆದರು. ಫೋನು ಹೊಡೆದುಕೊಂಡಿತು. ಎತ್ತಿದರು. "ಹೌದು... ಯಾವುದು? ಕುರ್ಚಿ ಇರೋ ಪುಸ್ತಕಾನಾ?... ಇನ್ನೊಂದು ಕಟ್ಟು ಬೇಕಾ?..." ಗಾಬರಿಯಕ್ಕ ನೋಡುತ್ತಿದ್ದಂತೆ ಅವರ ಮುಖ ಹಲವು ಬಣ್ಣ ತಿರುಗಿತು. ಬೆಳಗಿನಿಂದ ಇಂಥ ಎಷ್ಟು ಹೊಗಳಿಕೆಯನ್ನು ಅವರು ಸ್ವೀಕರಿಸಿ ಕೂತಿದ್ದರೋ ಏನೋ. ಈಗ ಹಿಂದಿರುಗಿಸುವುದು ಹೇಗೆ? ಫೋನಿಟ್ಟರು. ಆಮೇಲೆ ಅವರ ಹೊಟ್ಟೆ ಅಲುಗಿತು. ಮತ್ತೊಮ್ಮೆ ಅಲುಗಿತು. ತಡೆಯಲು ನೋಡಿದರು, ಆಗಲಿಲ್ಲ.

"ಚಿಲಕಕ್ಕೂ ಅಂದೆನಾ?" ಎಂದರು, ಕಣ್ಣೀರು ಒರೆಸಿಕೊಳ್ಳುತ್ತ.

"ಎಲ್ಲರಿಗಿಂತ ಗಟ್ಟಿಯಾಗಿ," ಎಂದರು ಅತ್ತೆ.

"ಸರ್," ಎಂದಳು ಗಾಬರಿಯಕ್ಕ, "ಜನಕ್ಕೆ ಗೊತ್ತಾಗಬೇಕು. ಪುಸ್ತಕಕ್ಕೊಂದು ಚೀಟಿ ಅಂಟಿಸೋಣ. ನಡುವಿನ ಇಷ್ಟು ಪುಟ ಬೇರೆ ಪುಸ್ತಕದ್ದು, ಹೊಲಿಗೆಯಲ್ಲಿ ಸೇರಿಹೋಯ್ತು ಅಂತ. ಹೋಗಿರೋ ಪುಸ್ತಕಗಳಿಗೂ ಕಳಿಸೋಣ. ಬೇಡದವರು ಆ ಫಾರಂ ಬಿಡಿಸಿಕೊಳ್ಳಲಿ. ವಕೀಲಮ್ಮನ ಪುಸ್ತಕಕ್ಕೆ ಈಗ ಆ ಫಾರಂ ಕಡಿಮೆಯಾಗಿದೆ, ಅದನ್ನ ಮತ್ತೆ ಅಚ್ಚು ಹಾಕಬೇಕು."

"ಅದರ ಖರ್ಚು ಯಾರಮ್ಮಾ..." ಎಂದು ಶುರುಮಾಡಿದ ಯಜಮಾನರು, ಅತ್ತೆ ಛತ್ರಿಯ ತುದಿಯಿಂದ ಬಲಪುಟದ 'ತನ್ನ ಖರ್ಚಿನಲ್ಲೇ' ಎಂಬ ಸಾಲನ್ನು ತೋರಿಸುವುದನ್ನು ಕಂಡು ಅರ್ಧಕ್ಕೇ ನಿಲ್ಲಿಸಿದರು. "ಆಯ್ತು, ಆಯ್ತು. ಚಿಲಕ ಇವತ್ತೇ ಹಾಕಿಸ್ತೀನಿ. ಸ್ಟೂಲ್ ಇಳಿಸಿಕೊಳ್ಳಿ. ಚೀಟಿ ಅಂಟಿಸೋಕೆ ಅಂಟು ಇದೆಯಾ?"

ಉಳಿದವರೆಲ್ಲ ಗಾಬರಿಯಕ್ಕನ ಮುಖ ನೋಡಿದರು. ಅವಳು ಗಂಭೀರವಾಗಿ, "ಸ್ವಲ್ಪ ಇದೆ ಸರ್," ಎಂದಳು. ಗಂಟೆ ಅಲ್ಲೇ ಗೋಡೆ ಹಿಡಿದುಕೊಂಡು ನಕ್ಕಳು.

ಅಟ್ಟದಿಂದ ಇಳಿದ ಸ್ಟೂಲುಗಳ ಸ್ಥಿತಿ ಮಾತ್ರ ಹೇಳತೀರದು. ಒಂದಕ್ಕೆ ಕಾಲು ಸಡಿಲ, ಒಂದರ ಹಲಗೆ ಎರಡು ಹೋಳು, ಇನ್ನೊಂದು ಮುಟ್ಟಿದರೆ ಕುಡುಕನ ಹಾಗೆ ವಾಲುತ್ತಿತ್ತು. ಹೆಂಗಸರು ಅವುಗಳ ಸುತ್ತ ನಿಂತು ಒಂದು ಗಳಿಗೆ ಪೆಚ್ಚಾದರು. ಆಮೇಲೆ ಎಲ್ಲರ ದೃಷ್ಟಿಯೂ ಒಟ್ಟಿಗೆ ಕಿಟಕಿಯ ಕೆಳಗೆ, ಗೋಪುರದಂತೆ ಪೇರಿಸಿಟ್ಟಿದ್ದ ಅಂಟಿನ ಡಬ್ಬಗಳತ್ತ ತಿರುಗಿತು.

ಸೀರೆ ಸಿಕ್ಕಿಸಿ ನಿಂತರು. ಕಾಲಿಗೆ ಅಂಟು, ಬಿರುಕಿಗೆ ಅಂಟು, ಹಲಗೆಗೆ ಅಂಟು. ಒತ್ತಿ ಹಿಡಿಯಲು ಹೊಲಿಗೆ ದಾರ ಬಿಗಿದು ಸುತ್ತಿದರು. ಯಾರ ಕೈಯೂ ಜಿಪುಣತನ ತೋರಲಿಲ್ಲ. "ಯಾರೂ ಈಗಲೇ ಕೂರಬೇಡಿ, ಒಣಗಲಿ," ಎಂದು ಗಾಬರಿಯಕ್ಕ ಹೇಳುತ್ತಲೇ ಇದ್ದಳು. ಕೋಣೆಯಲ್ಲಿ ಅಂಥ ಎಚ್ಚರಿಕೆಗೆ ಯಾವತ್ತು ಬೆಲೆ ಇತ್ತು?

"ಅಬ್ಬಾ!" ಎಂದು ಗಂಟೆ ಧಪ್ಪನೆ ಕೂತಳು. ಕಾಲು ಚಾಚಿದಳು. ಬೆನ್ನನ್ನು ಗೋಡೆಗೆ ಒರಗಿಸಿ, ಕಣ್ಣು ಮುಚ್ಚಿ, "ಬೆನ್ನಿಗೆ ಆಸರೆಯಿರುವ ಆಸನ," ಎಂದು ಅತ್ತೆಯ ದನಿಯಲ್ಲೇ ರಾಗವಾಗಿ ಹೇಳಿದಳು. ಊಟದ ಹೊತ್ತಿಗೆ ಏಳಲು ನೋಡಿದರೆ ಸ್ಟೂಲೂ ಜೊತೆಗೆದ್ದಿತು.

"ಅಕ್ಕಾ! ಬಿಡ್ತಿಲ್ಲ!"

"ಹೇಳಿದೆ ನಾನು, ಹೇಳಿದೆ!"

ಒಬ್ಬಳು ಸ್ಟೂಲು ಹಿಡಿದಳು, ಇಬ್ಬರು ಗಂಟೆಯನ್ನು ಎಳೆದರು. ನಗು ಹತ್ತಿ ಯಾರಿಗೂ ಬಲವೇ ಬರಲಿಲ್ಲ. ಗದ್ದಲ ಕೇಳಿ ಮೇಲೆ ಬಂದ ಯಜಮಾನರು ಬಾಗಿಲಲ್ಲೇ ನಿಂತು, "ನೋಡಿ, ಕೂತರೆ ಮಾತು ಶುರುವಾಗುತ್ತೆ ಅಂತ ನಾನು ಹೇಳಿರಲಿಲ್ವಾ," ಎಂದರು. ಗೆದ್ದವರಂತೆಯೇ ಹೇಳಿ, ಕತ್ತರಿ ಎತ್ತಿಕೊಟ್ಟು ಹೋದರು.

ಗಂಟೆಯ ಸೀರೆಯ ಒಂದು ತುಂಡು ಆ ಸ್ಟೂಲಿನ ಮೇಲೆ ಶಾಶ್ವತವಾಗಿ ಉಳಿಯಿತು. ಎರಡು ದಿನ ಕಳೆದು ಎಲ್ಲ ತಣ್ಣಗಾದ ಮೇಲೆ ಗಾಬರಿಯಕ್ಕ ತನ್ನ ಸ್ಟೂಲನ್ನು ಬೆರಳಿನಿಂದ ಮುಟ್ಟಿ ನೋಡಿದಳು, ಕಾಗದ ಹಾಸಿ ನೋಡಿದಳು, ಅಲುಗಿಸಿ ನೋಡಿದಳು, ಕೊನೆಗೆ ತುದಿಯಲ್ಲಿ ಕೂತಳು. ಏನೂ ಆಗಲಿಲ್ಲ. ಇನ್ನಷ್ಟು ಹಿಂದಕ್ಕೆ ಸರಿದು ಪೂರ್ತಿ ಕೂತಳು. ಮಡಿಲಲ್ಲಿ ಮತ್ತೆ ಅಚ್ಚಾಗಿ ಬಂದಿದ್ದ ಮೂರನೆಯ ಫಾರಂನ ಬಿಚ್ಚಿದ ಹಾಳೆ ಇತ್ತು. ಸುತ್ತ ಒಮ್ಮೆ ನೋಡಿ, ಯಾರೂ ಗಮನಿಸುತ್ತಿಲ್ಲವೆಂದು ಖಚಿತಪಡಿಸಿಕೊಂಡು, ಅವಳು ಹಾಳೆಯನ್ನು ಮೇಲು ಕೆಳಗಾಗಿ ತಿರುಗಿಸಿದಳು.

ಗಂಟೆ ಆ ಚಪ್ಪಾಳೆಯ ಕೀರ್ತನೆಯನ್ನು ಮತ್ತೆ ಎತ್ತಿದ್ದಳು. ಪಲ್ಲವಿ ಬರುತ್ತಿದ್ದಂತೆ ಗಾಬರಿಯಕ್ಕ ಹಾಳೆಯಿಂದ ತಲೆಯೆತ್ತದೆಯೇ ಕೂಗಿದಳು, "ಮೂಲೇಲಿ ಕೈ ಹಿಂದಕ್ಕೆ!"